ಅಮಾಸಿ ದಿನ ಪಾರ್ಕು ಖಾಲಿ ಇರ್ತೈತಿ

ನನ್ನ ಮಗಳು ಏನನ್ನೂ ಬೇಕೆಂದು ಕೇಳುವುದನ್ನೇ ಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾದದ್ದು ಡಿಸೆಂಬರಿನ ಒಂದು ಸಂಜೆ, ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ. ನನ್ನ ಗಂಡ ಫ್ಯಾಕ್ಟರಿಯಿಂದ ಬಂದವರು, ಇನ್ನೂ ಬೂಟು ಬಿಚ್ಚಿರಲಿಲ್ಲ, ಬಾಗಿಲಲ್ಲೇ ನಿಂತು ಘೋಷಣೆ ಮಾಡಿದರು: "ಈ ಸಲ ಕ್ರಿಸ್‌ಮಸ್ ಸೂಟಿಯಾಗ ಪಾರ್ಕಿಗೆ ಹೋಗೂದು ಖಾತ್ರಿ!" ಒಂಬತ್ತು ವರ್ಷದ ಹುಡುಗಿ ಕುಣಿದು ಮನೆ ತಲೆ ಮೇಲೆ ಮಾಡಬೇಕಿತ್ತು. ಅವಳು ಪೆನ್ಸಿಲ್ ಕೆತ್ತುತ್ತಿದ್ದಳು. ತಲೆ ಎತ್ತದೆ "ಆತು ಪಪ್ಪಾ" ಅಂದಳು. ಮತ್ತೆ ಪೆನ್ಸಿಲ್ ಕೆತ್ತಿದಳು.

ಹಟ ಮಾಡುವ ಮಗುವನ್ನು ಬೈದೋ ರಮಿಸಿಯೋ ಹೇಗೋ ಸಂಭಾಳಿಸಬಹುದು. ಹಟ ಬಿಟ್ಟ ಮಗುವಿನ ಮುಂದೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಎಲೆಯ ಜೊತೆ ಕಡ್ಡಿಯನ್ನೂ ಬುಟ್ಟಿಗೆ ಹಾಕುತ್ತ ಕೂತೆ.

ಹೈದರಾಬಾದು ಇನ್ನೂ ಇಡೀ ಆಂಧ್ರಪ್ರದೇಶಕ್ಕೆ ರಾಜಧಾನಿಯಾಗಿದ್ದ ವರ್ಷಗಳವು. ನಾವು ವಿಜಾಪುರದ ಕಡೆಯವರು. ಗಂಡನಿಗೆ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ, ವಾಸಕ್ಕೆ ಕಾರ್ಖಾನೆಯ ಕ್ವಾರ್ಟರ್ಸು. ಮನೆಯೊಳಗೆ ಕನ್ನಡ, ಓಣಿಯಲ್ಲಿ ತೆಲುಗು, ತರಕಾರಿ ಗಾಡಿಯವನ ಜೊತೆ ಹಿಂದಿ, ಸಿಟ್ಟು ಬಂದಾಗ ಮೂರೂ ಸೇರಿ. ಊರಿನ ಇನ್ನೊಂದು ತುದಿಯಲ್ಲಿ, ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ದೂರದಲ್ಲಿ, ಆ ಪಾರ್ಕು ಇತ್ತು. ದೊಡ್ಡ ಚಕ್ರ, ನೀರಿನ ಜಾರುಬಂಡಿ, ಅತ್ತಿಂದಿತ್ತ ತೂಗುವ ಒಂದು ಹಡಗು. ಮಗಳಿಗೆ ಬೇಕಾಗಿದ್ದದ್ದು ಹಡಗೊಂದೇ. ಶಾಲೆಯ ಗೆಳತಿಯೊಬ್ಬಳು ಅದರಲ್ಲಿ ಕೂತು ಬಂದು, ತಾನು ಕೆಳಗೆ ಬಂದರೂ ಹೊಟ್ಟೆ ಮೇಲೇ ಉಳಿದಿತ್ತು ಎಂದು ಹೇಳಿದ್ದಳಂತೆ. ಅಂದಿನಿಂದ ಇವಳಿಗೆ ತನ್ನ ಹೊಟ್ಟೆಯನ್ನೂ ಮೇಲೆ ಬಿಟ್ಟುಬರುವ ಆಸೆ.

ಮೊದಲ ಸಲ ಹೊರಟದ್ದು ಬೇಸಿಗೆ ರಜೆಯಲ್ಲಿ. ಹಿಂದಿನ ದಿನವೇ ತನ್ನ ಕೆಂಪು ಚೀಲದಲ್ಲಿ ಒಂದು ಜೊತೆ ಬಟ್ಟೆ, ಟವೆಲು, ಬಾಚಣಿಗೆ ತುಂಬಿಕೊಂಡು, ಅದನ್ನೇ ತಬ್ಬಿಕೊಂಡು ಮಲಗಿದ್ದಳು. ಪ್ರತ್ಯೇಕ ರಾಜ್ಯದ ಚಳವಳಿ ಬಿಸಿಯಾಗಿದ್ದ ದಿನಗಳು. ನಾವು ಮೆಹದಿಪಟ್ಟಣಂ ಮುಟ್ಟುವಷ್ಟರಲ್ಲಿ ಎಲ್ಲೋ ಏನೋ ಗಲಾಟೆಯಾಗಿ ಬಸ್ಸುಗಳು ನಿಂತುಬಿಟ್ಟವು. ಮಧ್ಯಾಹ್ನದವರೆಗೆ ಬಸ್ ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದು, ಒಬ್ಬ ಆಟೋದವನ ಕೈಕಾಲು ಹಿಡಿದು ಮನೆಗೆ ವಾಪಸಾದೆವು. ಅವತ್ತು ಅವಳು ದಾರಿಯುದ್ದಕ್ಕೂ ಅತ್ತಳು.

ಎರಡನೆಯ ಸಲ ದಸರೆಯಲ್ಲಿ. ಈ ಬಾರಿ ಚೀಲವನ್ನು ಹಿಂದಿನ ದಿನ ತುಂಬಲಿಲ್ಲ, ಹೊರಡುವ ಬೆಳಿಗ್ಗೆಯೇ ತುಂಬಿದಳು. ಅಷ್ಟರಲ್ಲಿ ಫ್ಯಾಕ್ಟರಿಯಿಂದ ಫೋನು ಬಂತು, ಯಾವುದೋ ಯಂತ್ರ ಕೈಕೊಟ್ಟಿತ್ತು. ಅವಳಪ್ಪ ಮೋಟರ್ ಸೈಕಲ್ಲು ಹತ್ತಿ ಹೋದರು. ಮಗಳು ಅಳಲಿಲ್ಲ. ಬಟ್ಟೆಗಳನ್ನು ಚೀಲದಿಂದ ತೆಗೆದು, ಮಡಿಕೆ ಕೆಡದ ಹಾಗೆ ಕಪಾಟಿನಲ್ಲಿ ಇಟ್ಟಳು. ಎಷ್ಟು ಜಾಣೆ ಎಂದು ನಾನು ಅಕ್ಕಪಕ್ಕದವರ ಹತ್ತಿರ ಹೊಗಳಿಕೊಂಡಿದ್ದೆ.

ಅವಳು ಜಾಣೆಯಾದದ್ದಲ್ಲ, ನಮ್ಮ ಮೇಲಿನ ನಂಬಿಕೆ ಬಿಟ್ಟದ್ದು ಎಂದು ಆ ಮೆಂತ್ಯದ ಸಂಜೆ ತಿಳಿಯಿತು. ಹಾಗಾಗಿ ಈ ಮೂರನೆಯ ಸಲ ಆಕಾಶ ಕಳಚಿ ಬಿದ್ದರೂ ಹೋಗಲೇಬೇಕೆಂದು ನಾನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಇದು ಬರೀ ಹಡಗಿನ ಮಾತಾಗಿ ಉಳಿದಿರಲಿಲ್ಲ.

ಇನ್ನು ನಮ್ಮವರ ಯೋಜನೆಯ ವಿಷಯ. ಅವರು ಫ್ಯಾಕ್ಟರಿಯಲ್ಲಿದ್ದದ್ದು ಪ್ಲ್ಯಾನಿಂಗ್ ಸೆಕ್ಷನ್ನಿನಲ್ಲಿ. ಯಂತ್ರಗಳನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಬಿಚ್ಚಬೇಕು, ಬಿಚ್ಚಿದ್ದನ್ನು ಯಾವಾಗ ಜೋಡಿಸಬೇಕು ಎಂಬುದೇ ಅವರ ಉದ್ಯೋಗ. ಮನೆಯಲ್ಲಿ ಒಂದು ಟ್ಯೂಬ್‌ಲೈಟು ಬದಲಿಸುವುದಕ್ಕೂ ಮೂರು ದಿನ ಮುಂಚೆ ವಿಚಾರ ಶುರು. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಪಾರ್ಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಒಂದು ಹಡಗು ಹತ್ತಲು ಅರ್ಧ ದಿನ ನಿಲ್ಲಬೇಕು ಎಂದು ಯಾರೋ ಹೆದರಿಸಿದ್ದರು. ಇವರು ಎರಡು ದಿನ ಕ್ಯಾಲೆಂಡರಿನ ಮುಂದೆ ನಿಂತು, ಮೂರನೆಯ ದಿನ ನಗುತ್ತ ಅಡಿಗೆಮನೆಗೆ ಬಂದರು.

"ಸಿಕ್ತು ನೋಡ! ಸೂಟಿಯೊಳಗs ಅಮಾಸಿ ಬಂದೈತಿ. ಈ ತೆಲುಗು ಮಂದಿ ಅಮಾಸಿ ದಿನ ಮನಿ ಹೊಸ್ತಿಲಾ ದಾಟೂದಿಲ್ಲ. ಪಾರ್ಕ್ ಖಾಲಿ ಇರ್ತೈತಿ, ಖಾಲಿ!"

"ಯಾರು ಹೇಳಿದ್ರು ನಿಮಗ?"

"ನಮ್ಮ ಸೆಕ್ಷನ್ನಿನಾಗ ಒಬ್ಬೊಬ್ಬರನ್ನೂ ಕೇಳೀನಿ. ಒಬ್ಬರೂ ಹೋಗೂದಿಲ್ಲಂತ. ಅಮಾವಾಸ್ಯ ರೋಜು ಎವರು ಪೋತಾರಂಡಿ, ಅಮಾಸಿ ದಿನ ಯಾರು ಹೋಗ್ತಾರ ಅಂತ ನನಗs ಬೈದ್ರು."

ಇಡೀ ಮಹಾನಗರವನ್ನು ಒಂದು ಸೆಕ್ಷನ್ನಿನ ಟೀ ಟೇಬಲ್ಲಿನ ಸುತ್ತ ಅಳೆದು ಬಂದಿದ್ದರು. ಅದು ಅವತ್ತು ನನಗೂ ಹೊಳೆಯಲಿಲ್ಲ, ಆ ಮಾತು ಬೇರೆ. ನನಗೆ ಕಂಡ ತೊಡಕು ಇನ್ನೊಂದು. ಅದು ಬರೀ ಅಮಾವಾಸ್ಯೆಯಲ್ಲ, ಎಳ್ಳಮಾವಾಸ್ಯೆ. ನಮ್ಮ ಕಡೆ ಅದು ಮನೆಯಲ್ಲಿ ಕೂತು ಮಾಡುವ ಹಬ್ಬವಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡಿಗೆಯನ್ನು ಬೆಳೆಯ ನಾಲ್ಕೂ ದಿಕ್ಕಿಗೆ ಚೆಲ್ಲಿ, ಆಮೇಲೆ ಬಯಲಲ್ಲೇ ಕೂತು ಉಣ್ಣಬೇಕು. ಆ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ನಮ್ಮ ಜೊತೆಗಿದ್ದ ಅತ್ತೆ ಹೈದರಾಬಾದಿಗೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಕ್ವಾರ್ಟರ್ಸಿನ ಹಿಂದಿದ್ದ ಕರಿಬೇವಿನ ಗಿಡದ ಸುತ್ತ ಚರಗ ಚೆಲ್ಲಿ, "ಗುಬ್ಬಿಗೆ ತುತ್ತು ಹಾಕಿದಂಗ ಆತು" ಎಂದು ಪ್ರತಿ ವರ್ಷ ಮುಖ ಸೊಟ್ಟ ಮಾಡುತ್ತಿದ್ದರು. ಅಂಥವರಿಗೆ ಆ ದಿನ ಯಂತ್ರದ ಪಾರ್ಕಿಗೆ ನಡೆಯಿರಿ ಎಂದು ಹೇಳುವವರು ಯಾರು?

ನಾನೇ ಹೇಳಿದೆ. ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ಗಿಡ ಅದಾವೇನವಾ?"

"ಭಾಳ ಅದಾವ್ರಿ ಅತ್ತಿ. ಪಾರ್ಕ್ ಅಂದ್ರ ತ್ವಾಟ ಅಲ್ರಿ?"

"ಹಂಗಾರ ಬುತ್ತಿ ಕಟ್ಟು. ಬರ್ತೀನಿ."

ಅಮಾವಾಸ್ಯೆಯ ಬೆಳಿಗ್ಗೆ ನಾನೂ ಅತ್ತೆಯೂ ಎದ್ದು ರೊಟ್ಟಿ ಬಡಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಮಾವನವರ ಕಾಲದ ಒಂದು ಬಿಳಿ ಧೋತರದಲ್ಲಿ ಸುತ್ತಿ ಗಂಟು ಕಟ್ಟಿದರು ಅತ್ತೆ. ರೊಟ್ಟಿಗೆ ಆ ಧೋತರವೇ ಆಗಬೇಕು, ಡಬ್ಬಿಯಲ್ಲಿಟ್ಟರೆ ಬೆವರುತ್ತದೆ ಎಂಬುದು ಅವರ ವಾದ. ಈ ಗಡಿಬಿಡಿಯಲ್ಲಿ ಮಗಳ ಚೀಲದ ಕಡೆ ನಾನು ಗಮನ ಕೊಡಲಿಲ್ಲ. ಕೆಂಪು ಚೀಲ ಅವಳ ಬೆನ್ನ ಮೇಲಿತ್ತು, ಬಟ್ಟೆ ತುಂಬಿಕೊಂಡಿದ್ದಾಳೆ ಎಂದುಕೊಂಡೆ.

ಮೆಹದಿಪಟ್ಟಣಂನಲ್ಲಿ ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ನಮ್ಮವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಬಸ್ಸಿಳಿದು, ದೊಡ್ಡ ದೊಡ್ಡ ಬಂಡೆಗಳ ನಡುವಿನ ರಸ್ತೆಯಲ್ಲಿ ತಿರುವು ದಾಟಿದೆವು. ಹುಬ್ಬು ಕೆಳಗಿಳಿಯಿತು.

ಜನ! ಟಿಕೆಟ್ ಕೌಂಟರಿನಿಂದ ಶುರುವಾದ ಸಾಲು ಗೋಡೆಗುಂಟ ಬಂದು, ಮೂಲೆ ತಿರುಗಿ, ಕಾರುಗಳು ನಿಂತ ಬಯಲಿನವರೆಗೆ ಹಬ್ಬಿತ್ತು. ಮಾದಾಪುರ, ಗಚ್ಚಿಬೌಲಿಯ ಕಂಪ್ಯೂಟರ್ ಆಫೀಸುಗಳಿಂದ ಗುಂಪುಗುಂಪಾಗಿ ಬಂದ ಹುಡುಗ ಹುಡುಗಿಯರು. ಅವರು ಪಂಚಾಂಗ ನೋಡಿ ಹುಟ್ಟಿದವರೇ ಅಲ್ಲ. ಯಾವ ಊರಿನವೋ ಶಾಲೆಯ ಪ್ರವಾಸದ ಬಸ್ಸುಗಳು. ನಮ್ಮವರು ಬುತ್ತಿ ಗಂಟು ಹಿಡಿದುಕೊಂಡು, ತಪ್ಪು ಪ್ಲ್ಯಾಟ್‌ಫಾರಮ್ಮಿನಲ್ಲಿ ಇಳಿದವರ ಹಾಗೆ ನಿಂತುಬಿಟ್ಟರು. ಅವರನ್ನು ಇನ್ನಷ್ಟು ನೋಯಿಸಲೆಂದೇ ಗೇಟಿನ ಮೇಲೆ ಬೋರ್ಡು: ಹೊರಗಿನ ತಿಂಡಿ ತಿನಿಸು ಒಳಗೆ ತರುವಂತಿಲ್ಲ.

ಆಗ ಮಗಳು ಅಪ್ಪನ ಶರ್ಟಿನ ತುದಿ ಎಳೆದಳು. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ನಾವು ನೆಂಟರನ್ನು ಸಮಾಧಾನ ಮಾಡುತ್ತೇವಲ್ಲ, ಆ ಧಾಟಿ.

"ಪಪ್ಪಾ, ಗೇಟ್ ನೋಡಿದ್ನಲ್ಲ, ಸಾಕು. ಮನಿಗೆ ಹೋಗೂಣು ನಡೀರಿ. ನನಗೇನೂ ಅನಸೂದಿಲ್ಲ."

ಮಗು ಅಪ್ಪನನ್ನು ಸಮಾಧಾನ ಮಾಡುವ ವಯಸ್ಸೇ ಇದು? ನನಗೆ ಸಿಟ್ಟು ಬಂದರೆ ಮೂಗು ಮೊದಲು ಕೆಂಪಾಗುತ್ತದೆ, ಬುದ್ಧಿ ಆಮೇಲೆ ಓಡುತ್ತದೆ. "ಯಾರೂ ಮನಿಗೆ ಹೋಗೂದಿಲ್ಲ!" ಎಂದು ಕೂಗಿಯೇಬಿಟ್ಟೆ. "ರೀ, ನೀವು ಸಾಲಿನಾಗ ನಿಂದರ್ರಿ. ಸಂಜಿ ಆಗಲಿ, ನಾಳಿ ಆಗಲಿ. ಈ ಹುಡುಗಿ ಹಡಗ ಹತ್ತಿದ ಮ್ಯಾಲs ನಾವು ಇಲ್ಲಿಂದ ಕದಲೂದು."

"ಮತ್ತ ಈ ಬುತ್ತಿ?" ಎಂದರು ನಮ್ಮವರು.

ಅಷ್ಟರಲ್ಲಿ ನಮ್ಮ ಹಿಂದಿನಿಂದ ಒಂದು ಗಂಡು ದನಿ ಕೇಳಿಸಿತು, ಶುದ್ಧ ಕಲಬುರ್ಗಿ ಕನ್ನಡದಲ್ಲಿ: "ಅಮಾಸಿ ದಿನ ಖಾಲಿ ಇರ್ತದಂತ ಬಂದ್ರ, ಇಲ್ಲಿ ಜಾತ್ರಿನೇ ನೆರದಾದಲ್ರಿ!" ತಿರುಗಿ ನೋಡಿದರೆ ನಮ್ಮಂಥದೇ ಒಂದು ಸಂಸಾರ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಮುದುಕಿ. ಮುದುಕಿಯ ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅವರೂ ಕೇಂದ್ರ ಸರ್ಕಾರದ ನೌಕರಿಯವರೇ, ಗಚ್ಚಿಬೌಲಿಯ ಹತ್ತಿರ ಮನೆ. ಆ ಯಜಮಾನರೂ ತಮ್ಮ ಆಫೀಸಿನಲ್ಲಿ ಎಲ್ಲರನ್ನೂ ವಿಚಾರಿಸಿಕೊಂಡೇ ಬಂದಿದ್ದರಂತೆ. ಇಬ್ಬರು ಯೋಜಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಅಮಾವಾಸ್ಯೆಯ ದಿನ ಯಾರೂ ಹೊರಡುವುದಿಲ್ಲ ಎಂದು ಲೆಕ್ಕ ಹಾಕಿದ ಪುಣ್ಯಾತ್ಮರು, ನಾವೇ ಹೊರಟಿದ್ದೇವಲ್ಲ ಎಂಬುದನ್ನು ಮರೆತಿದ್ದರು. ಬುತ್ತಿ ಕಟ್ಟಿಕೊಂಡು ಬಯಲಿಗೆ ಬೀಳುವ ಮಂದಿಗೆ ಹೈದರಾಬಾದಿನಲ್ಲಿ ಹೊಲ ಎಲ್ಲಿಯದು? ಸ್ವಲ್ಪ ಹೊತ್ತು ಕಿವಿಗೊಟ್ಟರೆ ಆ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ನಮ್ಮ ಮಾತು ಕೇಳಿಸುತ್ತಿತ್ತು.

ನಾವು ನಗುವುದರಲ್ಲಿದ್ದಾಗ ಅತ್ತೆ ನಮ್ಮ ಜೊತೆ ಇರಲಿಲ್ಲ. ನೋಡಿದರೆ, ಗೇಟಿನ ಹೊರಗೇ, ಬಂಡೆಗಳ ಪಕ್ಕದ ಬೇವಿನ ಮರದ ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಾಗ ಗುಡಿಸುತ್ತಿದ್ದರು. ಕಲಬುರ್ಗಿಯ ಮುದುಕಿಯೂ ಆಗಲೇ ಅಲ್ಲಿ ಹಾಜರು. ಹೆಸರು ಊರು ಕೇಳುವ ಮೊದಲೇ ಇಬ್ಬರೂ ಒಬ್ಬರ ಎಣ್ಣೆಗಾಯಿ ಒಬ್ಬರು ಮೂಸಿ ನೋಡಿದ್ದರು.

"ನೀವು ಹೋಗ್ರಿ, ನಾವಿಬ್ಬರೂ ಬುತ್ತಿ ಕಾಯತೀವಿ," ಎಂದರು ಅತ್ತೆ. "ನನಗ ಗಿಡ ಬೇಕಾಗಿತ್ತು, ಸಿಕ್ತು."

ಒಳಗೆ ಹೋದವರು ಕೈ ಮೇಲೆ ಮುದ್ರೆ ಒತ್ತಿಸಿಕೊಂಡು ಹೊರಬಂದು, ಮತ್ತೆ ಒಳಗೆ ಹೋಗಬಹುದು ಎಂದು ಕೌಂಟರಿನ ಪಕ್ಕದ ಇನ್ನೊಂದು ಬೋರ್ಡಿನಲ್ಲಿತ್ತು. ಊಟದ ಸಮಸ್ಯೆ ಅಲ್ಲಿಗೆ ಮುಗಿಯಿತು. ಗಂಡಸರು ಸಾಲಿನಲ್ಲಿ ನಿಂತರು. ಅತ್ತೆ ಮಗಳನ್ನು ಕರೆದು ಚರಗದ ಬುಟ್ಟಿ ಅವಳ ಕೈಗೆ ಕೊಟ್ಟರು. ಅಜ್ಜಿ ಮುಂದೆ, ಮೊಮ್ಮಗಳು ಹಿಂದೆ, ಬೇವಿನ ಮರದ ಸುತ್ತ, ಬಂಡೆಗಳ ಸುತ್ತ ಅನ್ನ, ಪಲ್ಯ, ಹೋಳಿಗೆಯ ಚೂರು ಚೆಲ್ಲುತ್ತ ನಡೆದರು. ಗೇಟಿನ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. "ಅಮ್ಮಾ, ಇಧರ್ ಕಚ್ರಾ ನಕ್ಕೋ ಡಾಲೋ!" ಇಲ್ಲಿ ಕಸ ಹಾಕಬೇಡಿ ಎಂಬ ಅವನ ಮಾತು ಅತ್ತೆಗೆ ಎಷ್ಟು ತಿಳಿಯಿತೋ, ಅವನ ಅಂಗೈ ಹಿಡಿದು ಅದರ ಮೇಲೊಂದು ಇಡೀ ಹೋಳಿಗೆ ಇಟ್ಟರು. "ಕಚ್ರಾ ಅಲ್ಲೋ ತಮ್ಮಾ. ಭೂಮಿತಾಯಿ ಊಟ. ನೀನೂ ಉಣ್ಣು." ಅವನು ಹೋಳಿಗೆ ನೋಡಿದ, ನನ್ನನ್ನು ನೋಡಿದ, ಸೀಟಿ ಜೇಬಿಗೆ ಹಾಕಿಕೊಂಡ. ಮಗಳು ಅವತ್ತು ಮೊದಲ ಸಲ ನಕ್ಕಳು. ನನಗೆ ಅರ್ಧ ಜೀವ ಬಂತು.

ಟಿಕೆಟ್ಟು ಕೈಗೆ ಬಂದಾಗ ಬಿಸಿಲು ಏರಿತ್ತು. ಒಳಗೆ ಹಡಗಿಗೆ ಮತ್ತೊಂದು ಸಾಲು. ನಮ್ಮ ಸರದಿ ಬಂದು, ಅಡ್ಡ ಸರಳು ಮಡಿಲ ಮೇಲೆ ಬಿದ್ದು, ಚಿಲಕ ಕಟಕ್ಕೆಂದ ಮೇಲೂ ಮಗಳು ನನ್ನನ್ನು ಕೇಳಿದಳು, "ಅವ್ವಾ, ಈಗ ಖರೇನs ಹೋಗ್ತೈತಿ?" ನಾನು ಹೂಂ ಅನ್ನುವಷ್ಟರಲ್ಲಿ ಹಡಗು ಎದ್ದಿತು. ಮೊದಲು ಮೆಲ್ಲಗೆ ತೂಗಿ, ಆಮೇಲೆ ಮುಗಿಲಿಗೆ ಏರಿ, ಅಲ್ಲಿಂದ ಕೈಬಿಟ್ಟ ಹಾಗೆ ಕೆಳಗೆ. ನಾನು ಕಣ್ಣು ಮುಚ್ಚಿ, ಗೊತ್ತಿರುವ ದೇವರನ್ನೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ಕರೆದೆ. ಪಕ್ಕದಲ್ಲಿ ಮಗಳು ಕಿರುಚುತ್ತಿದ್ದಳು. ಹೆದರಿದಳೇನೋ ಎಂದು ಕಣ್ಣು ತೆರೆದರೆ, ಎರಡೂ ಕೈ ಮೇಲೆತ್ತಿ, "ಹೊಟ್ಟಿ ಮ್ಯಾಲs ಉಳೀತು! ಅವ್ವಾ, ಹೊಟ್ಟಿ ಮ್ಯಾಲs ಉಳೀತು!" ಎಂದು ಕೂಗುತ್ತಿದ್ದಾಳೆ. ನನಗೆ ಅಳು ಬಂತು. ಗಾಳಿಗೆ ಎಂದು ಹೇಳಿ ಒರೆಸಿಕೊಂಡೆ.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕಲಬುರ್ಗಿಯ ಮಕ್ಕಳ ಜೊತೆ ನೀರಿನ ಜಾರುಬಂಡಿಗೆ ಓಡಿದಳು. ತೊಟ್ಟ ಬಟ್ಟೆಯಲ್ಲೇ ಜಾರಿದಳು, ಮತ್ತೆ ಹತ್ತಿದಳು, ಮತ್ತೆ ಜಾರಿದಳು. ಊಟಕ್ಕೆಂದು ಎಳೆದುಕೊಂಡು ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ನೀರಿಳಿಯುತ್ತಿತ್ತು, ಚಳಿಗೆ ಹಲ್ಲು ಕಟಕಟ. ಬೇವಿನ ಮರದ ಕೆಳಗೆ ಬಿಟ್ಟುಹೋಗಿದ್ದ ಅವಳ ಕೆಂಪು ಚೀಲವನ್ನು ಹತ್ತಿರಕ್ಕೆಳೆದು, ಒಣ ಬಟ್ಟೆ ತೆಗೆಯಲು ಕೈ ಹಾಕಿದೆ.

ಬಟ್ಟೆ ಇರಲಿಲ್ಲ. ಟವೆಲಿಲ್ಲ, ಬಾಚಣಿಗೆಯಿಲ್ಲ. ನೀರಿನ ಬಾಟಲಿಯೊಂದು, ಒಂದು ತುಂಡು ಸೀಮೆಸುಣ್ಣ, ಅಜ್ಜಿಯ ಚೌಕಾಬಾರದ ಕವಡೆಗಳು.

"ಏನಿದು? ಬಟ್ಟಿ ಎಲ್ಲಿ?"

ಅವಳು ನಡುಗುತ್ತಲೇ ಹೇಳಿದಳು, ಮುಚ್ಚಿಡುವಂಥದ್ದೇನಿದೆ ಎಂಬಂತೆ. "ಮೆಹದಿಪಟ್ಟಣಂದಾಗ ಬಸ್ ಬರದs ಇದ್ರ, ಕಟ್ಟಿ ಮ್ಯಾಲ ಮನಿ ಬರದು ಅಜ್ಜಿ ಸಂಗಾಟ ಚೌಕಾಬಾರ ಆಡೂಣಂತ ತಂದಿದ್ದೆ. ಇಲ್ಲಿತನಕಾ ಬರ್ತೀವಂತ ನನಗೇನ ಗೊತ್ತು?"

ನಮ್ಮವರು ಕವಡೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತರು. ದಿನಗಟ್ಟಲೆ ಯೋಜನೆ ಹಾಕಿದ ಮನುಷ್ಯ. ಮಗಳ ಯೋಜನೆ ಬಸ್ ಸ್ಟ್ಯಾಂಡಿನ ಕಟ್ಟೆಗೇ ಮುಗಿದಿತ್ತು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಮೊದಲು ಎದ್ದವರು ಅತ್ತೆ. "ನೋಡ್ಕೋತ ಕುಂತ್ರ ಕೂಸಿಗೆ ನೆಗಡಿ ಆಗತೈತಿ," ಎಂದು ಗದರಿ, ರೊಟ್ಟಿಗಳನ್ನೆಲ್ಲ ಪರಾತದ ತಟ್ಟೆಗೆ ಸುರಿದು, ಆ ಬಿಳಿ ಧೋತರವನ್ನು ಝಾಡಿಸಿದರು. ಎಳ್ಳು ಉದುರಿತು. ಒದ್ದೆ ಬಟ್ಟೆ ಬಿಚ್ಚಿಸಿ, ಮಗಳನ್ನು ಕುತ್ತಿಗೆಯಿಂದ ಪಾದದವರೆಗೆ ಅದರಲ್ಲಿ ಸುತ್ತಿ, ಹೆಗಲ ಮೇಲೆ ಗಂಟು ಹಾಕಿದರು. ಕಲಬುರ್ಗಿಯ ಮುದುಕಿ, "ಅಯ್ಯ, ಥೇಟ್ ಸ್ವಾಮಗೋಳೇ!" ಎಂದು ಅವಳಿಗೆ ಕೈಮುಗಿದಳು. ನಾವೆಲ್ಲ ನಕ್ಕೆವು, ಮಗಳೇ ಎಲ್ಲರಿಗಿಂತ ಜೋರಾಗಿ. ಅವಳ ಬಟ್ಟೆಯನ್ನು ಬಿಸಿಲು ಬಿದ್ದ ಬಂಡೆಯ ಮೇಲೆ ಹರವಿದೆ. ಧೋತರದ ಸ್ವಾಮಿಗಳು ನಡುವೆ ಕೂತು ಎರಡು ರೊಟ್ಟಿ, ಮೂರು ಹೋಳಿಗೆ ಉಂಡರು. ಅಂಥ ಊಟ ನಾನು ಯಾವ ಹೊಲದಲ್ಲೂ ಉಂಡಿಲ್ಲ.

ಬಂಡೆ ಬಟ್ಟೆಯನ್ನು ಬೇಗ ಒಣಗಿಸಿಕೊಟ್ಟಿತು. ಮಗಳು ಮುದ್ರೆ ಬಿದ್ದ ಕೈ ತೋರಿಸಿ ಮತ್ತೆ ಒಳಗೆ ಓಡಿದಳು. ಮುದುಕಿಯರು ಅವಳ ಸೀಮೆಸುಣ್ಣದಿಂದ ಬಂಡೆಯ ಮೇಲೆ ಮನೆ ಬರೆದು ಕವಡೆ ಆಡಿದರು. ಸಂಜೆ ನಾವು ಹೊರಡಲು ಕರೆದಾಗ ಅತ್ತೆ, "ಇನ್ನೊಂದು ಆಟ," ಎಂದು ಹಟ ಹಿಡಿದರು. ಬಸ್ಸಿನಲ್ಲಿ ಮಗಳು ಮೈಗೆ ಮತ್ತೆ ಧೋತರ ಹೊದ್ದುಕೊಂಡು ನಿದ್ದೆ ಹೋದಳು. ಮೆಹದಿಪಟ್ಟಣಂನಲ್ಲಿ ಇಳಿಯುವಾಗ ನಮ್ಮವರು ಅವಳನ್ನು ಎತ್ತಿಕೊಂಡು, ಆ ಕಲ್ಲುಕಟ್ಟೆಯ ಮುಂದಿನಿಂದಲೇ ನಡೆದು ಹೋದರು.

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ಕೆಂಪು ಚೀಲ ತೂಗುತ್ತಿತ್ತು. ಒಗೆಯಲು ಹಾಕೋಣವೆಂದು ತೆಗೆದರೆ ಭಾರ. ಬಿಚ್ಚಿ ನೋಡಿದೆ. ಒಂದು ಹಳದಿ ಫ್ರಾಕು, ಟವೆಲು, ಬಾಚಣಿಗೆ. ಕವಡೆಗಳು ಅಜ್ಜಿಯ ಡಬ್ಬಿಗೆ ವಾಪಸು ಹೋಗಿದ್ದವು.

"ಎಲ್ಲಿಗವಾ ಸವಾರಿ?" ಎಂದು ಕೇಳಿದೆ.

"ಮುಂದಿನ ಎಳ್ಳಮಾಸಿಗೆ. ಪಾರ್ಕಿಗೆ. ಪಪ್ಪಾಗ ಕೇಳೀನಿ, ಹೂಂ ಅಂದಾರ." ಆಮೇಲೆ, ನನ್ನ ಮುಖ ನೋಡಿ, ಹಳೆಯ ಹಟದ ದನಿಯಲ್ಲಿ ಕಾಲು ನೆಲಕ್ಕೆ ಒದ್ದು, "ನೀನೂ ಹೂಂ ಅನ್ನs ಅವ್ವಾ!" ಎಂದಳು.

ಬರುವ ವರ್ಷಕ್ಕೆ ಆ ಹಳದಿ ಫ್ರಾಕು ಅವಳ ಮೊಣಕಾಲಿಗಿಂತ ಮೇಲೇರುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಹೂಂ ಎಂದು, ಚೀಲವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದೆ.